ಸಾಕ್ಸ್ ಹಾಕದವರ ಸೊಂಟ ನೋವು

ಮಂಡ್ಯ ಕೋರ್ಟಿನ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅಫಿಡವಿಟ್, ಕ್ರಯಪತ್ರದ ಕರಡು, ಲಗ್ನಪತ್ರಿಕೆ, ತಿಥಿ ಕಾರ್ಡು, ಏನೇ ಬಂದರೂ ಟೈಪ್ ಮಾಡಿಕೊಡುತ್ತೇನೆ. ಬ್ಯಾಂಕಿನವರು ಇಂಗ್ಲಿಷಿನಲ್ಲಿ ಕಳಿಸಿದ ನೋಟಿಸ್ ಹಿಡಿದುಕೊಂಡು ಯಾರಾದರೂ ಬಂದರೆ ಕನ್ನಡದಲ್ಲಿ ಓದಿ ಹೇಳಿ, ಉತ್ತರವನ್ನೂ ಬರೆದುಕೊಡುತ್ತೇನೆ. 22 ವರ್ಷದಿಂದ ಕೂತೇ ಮಾಡುವ ಕೆಲಸ. ಹಾಗಾಗಿ ಸೊಂಟ ನೋವಿನ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ನನಗಿದೆ.

ಆಷಾಢದಲ್ಲಿ ಲಗ್ನಪತ್ರಿಕೆ ಕೆಲಸ ಇರುವುದಿಲ್ಲ. ಅಂಥ ಒಂದು ಮಧ್ಯಾಹ್ನ ನನ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಮೈಸೂರಿನಲ್ಲಿ ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್ ಓದುತ್ತಿದ್ದಾಳೆ. ಒಂದು ಹಾಳೆ ಮುಂದಿಟ್ಟು, "ಮಾವ, ಇದನ್ನ ಕನ್ನಡಕ್ಕೆ ಮಾಡಿಕೊಡಿ. ಯಾಕೆ ಏನು ಅಂತ ಮಾತ್ರ ಕೇಳಬೇಡಿ" ಎಂದಳು. 24 ಸಾಲು ಇತ್ತು. ಎಲ್ಲಾ ಬೆನ್ನಿನ ಗೋಳು.

"ಯಾಕೆ ಕೇಳಬಾರದು?"

"ನೀವು ಏನೂ ಗೊತ್ತಿಲ್ಲದ ಅನುವಾದಕರು. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದು."

ಮನಸ್ಸಿಗೆ ಸ್ವಲ್ಪ ಚುರುಕ್ ಅಂದಿತು. ಆಮೇಲೆ ಗೊತ್ತಾಯಿತು, ಅದು ಬೈಗುಳವಲ್ಲ, ನಿಯಮವಂತೆ. ಇಂಥ ಪ್ರಶ್ನಾವಳಿಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತರಲು 2000ನೇ ಇಸವಿಯಲ್ಲಿ ಬೀಟನ್ ಅನ್ನುವ ಸಂಶೋಧಕಿ ಮತ್ತು ಜೊತೆಗಾರರು ಒಂದು ಕ್ರಮ ಬರೆದಿದ್ದಾರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು. ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರಿಗೆ ಗೊತ್ತಿರಬಾರದು. ಗೊತ್ತಿರುವವರು ಡಾಕ್ಟರ್ ಕನ್ನಡ ಬರೆಯುತ್ತಾರೆ, ಗೊತ್ತಿಲ್ಲದವರು ಜನ ಆಡುವ ಕನ್ನಡ ಬರೆಯುತ್ತಾರೆ ಅನ್ನುವ ನಂಬಿಕೆ ಇರಬೇಕು. ಪಾಪ, ಕೋರ್ಟ್ ಮುಂದಿನ ಡಿಟಿಪಿಯವನ ಕನ್ನಡ ಹೇಗಿರುತ್ತದೆ ಅಂತ ಆ ಪುಣ್ಯಾತ್ಮರಿಗೆ ಗೊತ್ತಿಲ್ಲ. ನಾನು ಬರೆದ ಮೊದಲ ಸಾಲು ಹೀಗಿತ್ತು: "ನನ್ನ ಬೆನ್ನಿನ ಕಾರಣದಿಂದಾಗಿ ನಾನು ಹೆಚ್ಚಿನ ಸಮಯ ಮನೆಯಲ್ಲಿಯೇ ಇರುತ್ತೇನೆ." ಕೆಳಗೆ 'ಸದರಿ' ಅಂತ ಒಂದು ಸೇರಿಸಿದ್ದರೆ ನೋಟರಿ ಸೀಲ್ ಹಾಕಿಸಬಹುದಿತ್ತು.

ಇನ್ನೊಂದು ಎಡವಟ್ಟು. ಅಭ್ಯಾಸಬಲದಿಂದ ಫೈಲನ್ನು ಹಳೇ ನುಡಿ ಫಾಂಟಿನಲ್ಲೇ ಕಳಿಸಿಬಿಟ್ಟೆ. ಅವಳ ಗೈಡ್ ಮೊಬೈಲಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. "ನಿಮ್ಮ ಮಾವ ಯಾವ ಭಾಷೆಗೆ ಅನುವಾದ ಮಾಡಿದ್ದಾರೆ?" ಅಂತ ಕೇಳಿದರಂತೆ. ಯೂನಿಕೋಡಿಗೆ ತಿರುಗಿಸಿ ಮತ್ತೆ ಕಳಿಸಿದೆ.

ಕೆಲಸ ಒಪ್ಪಿಸಿದ ಮೇಲೆ ಅವಳು ಬಾಯಿ ಬಿಟ್ಟಳು. ಆ 24 ಸಾಲಿಗೆ ರೋಲೆಂಡ್-ಮಾರಿಸ್ ಪ್ರಶ್ನಾವಳಿ ಅಂತ ಹೆಸರು. 1983ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ರೋಲೆಂಡ್ ಮತ್ತು ರಿಚರ್ಡ್ ಮಾರಿಸ್ ಮಾಡಿದ್ದು. ಅದಕ್ಕೂ ಮೊದಲು ಅಮೆರಿಕದಲ್ಲಿ 136 ಸಾಲಿನ ದೊಡ್ಡ ಪಟ್ಟಿಯೊಂದಿತ್ತು, ಯಾವ ಕಾಯಿಲೆಗಾದರೂ ಆಗುವಂಥದ್ದು. ಅದರಿಂದ 24 ಆರಿಸಿ, ಸಾಲಿಗೆ 'ಬೆನ್ನಿನಿಂದ' ಅಂತ ಸೇರಿಸಿದರು. ಇವತ್ತು ನಿಮಗೆ ಹೊಂದುವ ಸಾಲಿಗೆ ಟಿಕ್ ಹಾಕಬೇಕು. ಎಷ್ಟು ಟಿಕ್ಕೋ ಅಷ್ಟು ಅಂಕ. ಸೊನ್ನೆ ಬಂದರೆ ತೊಂದರೆ ಇಲ್ಲ, 24 ಬಂದರೆ ಪೂರ್ತಿ ಮಲಗಿದ ಹಾಗೆ. ನನಗೆ 9 ಬಂತು. ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಕಾಣಬಹುದು, ಆ ಮನುಷ್ಯ ಬೆಳಗ್ಗೆ ಎದ್ದು ಪಂಚೆ ಉಟ್ಟುಕೊಳ್ಳಲು ಎಷ್ಟು ಒದ್ದಾಡಿದ ಅನ್ನುವುದು ಕಾಣುವುದಿಲ್ಲವಲ್ಲ. ಅದನ್ನು ಅಳೆಯಲಿಕ್ಕೆ ಇದು.

ಇದರ ಅಣ್ಣ ಒಂದಿದೆ, ಆಸ್ವೆಸ್ಟ್ರಿ, 1980ರದ್ದು. 10 ಭಾಗ, ಒಂದೊಂದರಲ್ಲಿ 6 ಸಾಲು, 0ಯಿಂದ 5ರವರೆಗೆ ಅಂಕ. ಅದರಲ್ಲಿ ಗಂಡ-ಹೆಂಡತಿ ಸಂಬಂಧದ ಬಗ್ಗೆಯೂ ಒಂದು ಭಾಗ ಉಂಟು. ಅದನ್ನು ನನ್ನ ಮುಂದೆ ಇಡದೆ ಹುಡುಗಿ ನನ್ನ ಮಾನ ಉಳಿಸಿದಳು. ಆ ಭಾಗ ಬಿಟ್ಟರೂ ಲೆಕ್ಕ ಕೆಡುವುದಿಲ್ಲವಂತೆ, 50ರ ಬದಲು 45ಕ್ಕೆ ಲೆಕ್ಕ ಹಾಕುತ್ತಾರೆ. ನಮ್ಮ ಕಡೆ ಎಷ್ಟು ಜನ ಅದನ್ನು ಬಿಡುತ್ತಾರೆ ಅಂತ ಊಹಿಸಬಹುದು.

ಅವಳ ಬ್ಯಾಗಿನಲ್ಲಿ ಒಂದು ಜೆರಾಕ್ಸ್ ಕಟ್ಟು ಇತ್ತು. ಮೇಲೆ ಪೆನ್ನಿನಲ್ಲಿ 'ಸೆಟ್ಸ್ವಾನಾ' ಅಂತ ಬರೆದಿದ್ದಳು. ಆಫ್ರಿಕಾದಲ್ಲಿ ಇದೇ ಥರದ ಬೆನ್ನು ನೋವಿನ ಪ್ರಶ್ನಾವಳಿಗಳನ್ನು ತಮ್ಮ ಭಾಷೆಗೆ ತಂದು ಪರೀಕ್ಷೆ ಮಾಡುವ ಕೆಲಸದ ಕಾಗದಗಳು. ನಾನು ಹೆಸರಲ್ಲೇ ಮುಗ್ಗರಿಸಿದೆ. ಅವಳು ಬಿಡಿಸಿ ಹೇಳಿದಳು: ಬೋಟ್ಸ್ವಾನಾ ಅಂದರೆ ದೇಶ, ಸೆಟ್ಸ್ವಾನಾ ಅಂದರೆ ಭಾಷೆ, ಮೋಟ್ಸ್ವಾನಾ ಅಂದರೆ ಒಬ್ಬ ಮನುಷ್ಯ, ಬಾಟ್ಸ್ವಾನಾ ಅಂದರೆ ಜನ. ನಾವು ಪದದ ಬಾಲಕ್ಕೆ ಅಂಟಿಸುವುದನ್ನು ಅವರು ತಲೆಗೆ ಅಂಟಿಸುತ್ತಾರೆ. ಆ ಭಾಷೆ ಆಡುವವರು ಬೋಟ್ಸ್ವಾನಾಗಿಂತ ಪಕ್ಕದ ದಕ್ಷಿಣ ಆಫ್ರಿಕಾದಲ್ಲೇ ಜಾಸ್ತಿ. ಬೋಟ್ಸ್ವಾನಾದಲ್ಲಿ ಅಧಿಕೃತ ಭಾಷೆ ಇಂಗ್ಲಿಷ್, ರಾಷ್ಟ್ರಭಾಷೆ ಸೆಟ್ಸ್ವಾನಾ. ಅಂದರೆ ಫಾರಂ ಒಂದು ಭಾಷೆಯಲ್ಲಿ, ನೋವು ಇನ್ನೊಂದು ಭಾಷೆಯಲ್ಲಿ. ಇದು ನನಗೆ ಹೊಸದೇನಲ್ಲ. ನನ್ನ ಅಂಗಡಿ ನಡೆಯುವುದೇ ಅದರಿಂದ.

ಬೆನ್ನಿಗೆ ಅವರು ಮೊಕ್ವಾಟ್ಲಾ ಅನ್ನುತ್ತಾರೆ, ನೋವಿಗೆ ಬೊಟ್ಲೊಕೊ. ಅಲ್ಲಿಯ ಹಳ್ಳಿಗಳಲ್ಲಿ ಕೂತು ಜನರ ಮಾತು ಬರೆದುಕೊಂಡವರಿಗೆ 'ಬೊಟ್ಲೊಕೊ, ಬೊಟ್ಲೊಕೊ' ಅಂತ ಎರಡೆರಡು ಸಲ ಹೇಳುವುದು ಕಿವಿಗೆ ಬಿದ್ದಿದೆ. ಓದಿ ನಗು ಬಂತು. ನಮ್ಮವರು 'ನೋವು ಅಂದ್ರೆ ನೋವು' ಅನ್ನುವುದಿಲ್ವಾ? ಅದನ್ನು ನೋವು ಎಷ್ಟು ಅಂತ ಅಳೆಯುವ 0ಯಿಂದ 10ರವರೆಗಿನ ಗೆರೆಯ ಮೇಲೆ ಎಲ್ಲಿ ಗುರುತು ಮಾಡುತ್ತೀರಿ?

ನನ್ನನ್ನು ಜಾಸ್ತಿ ಹಿಡಿದಿದ್ದು ಬೇರೆ ಒಂದು ವಿಷಯ. ಹಳೇ ಕ್ರಮದ ಟ್ಸ್ವಾನಾ ಕುಟುಂಬಕ್ಕೆ ಮೂರು ನೆಲೆ. ಊರಲ್ಲೊಂದು ಮನೆ, ದೂರದಲ್ಲಿ ಹೊಲ, ಇನ್ನೂ ದೂರದಲ್ಲಿ ದನ ಕಟ್ಟುವ ಮೊರಾಕಾ. ಕಾಲ ನೋಡಿಕೊಂಡು ಜನ ಅಲ್ಲಿಂದಿಲ್ಲಿಗೆ ಓಡಾಡುತ್ತಾರೆ. ಈಗ ಮೊದಲ ಪ್ರಶ್ನೆ ತೆಗೆದುಕೊಳ್ಳಿ, 'ಹೆಚ್ಚು ಹೊತ್ತು ಮನೆಯಲ್ಲೇ ಇರುತ್ತೇನೆ.' ಯಾವ ಮನೆ? ಮೊರಾಕಾದಲ್ಲಿ ದನದ ಜೊತೆ ಇರುವ ಮುದುಕ ಮನೆಯಲ್ಲಿದ್ದಾನೋ ಕೆಲಸದಲ್ಲಿದ್ದಾನೋ? ಪದ ಸುಲಭ, ಮನೆ ಕಷ್ಟ. ಆ ಹೊತ್ತಿಗೆ ನನಗೆ ಈ ಕೆಲಸದ ರುಚಿ ಹತ್ತಿತ್ತು.

ಎರಡು ಅನುವಾದ ಸೇರಿಸಿ ಒಂದು ಮಾಡಿದ ಮೇಲೆ, ಮೂಲ ನೋಡದೇ ಇರುವ ಇಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಬೇಕು. ಇಂಗ್ಲಿಷೇ ಮನೆಮಾತಾಗಿರುವವರು ಬೇಕು, ಅವರಿಗೆ ಕನ್ನಡವೂ ಬರಬೇಕು. ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಬಿಳಿಯರು ಬೇಕಾದಷ್ಟು ಸಿಗುತ್ತಾರೆ. ಆದರೆ ಅವರ ಕನ್ನಡ 'ಎಷ್ಟು', 'ಬೇಡ', 'ಎಳನೀರು' ದಾಟುವುದಿಲ್ಲ. ಕೊನೆಗೆ ಅಮೆರಿಕದಲ್ಲಿ ಹುಟ್ಟಿ ಬೆಳೆದು ಈಗ ಅಜ್ಜಿ ಮನೆಯಲ್ಲಿರುವ ಇಬ್ಬರು ಸಿಕ್ಕರು.

ಇಲ್ಲೊಂದು ತಮಾಷೆ ಇದೆ. ನನ್ನ 'ಬೆನ್ನಿನ ಕಾರಣದಿಂದಾಗಿ' ವಾಪಸ್ ಇಂಗ್ಲಿಷಿಗೆ ಹೋದಾಗ ಮೂಲದ ಹಾಗೇ ಬಂತು, ಪದಕ್ಕೆ ಪದ. ಹುಡುಗಿ ಖುಷಿಯಾದಳು. ನಾನು ಆಗಲಿಲ್ಲ. ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಬರೆದಿಟ್ಟರೆ ಅದು ವಾಪಸ್ ಇಂಗ್ಲಿಷ್ ಆಗದೆ ಇನ್ನೇನಾಗುತ್ತೆ? ಕೆಟ್ಟ ಅನುವಾದ ಈ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಪಾಸಾಗುತ್ತದೆ. ಇದನ್ನು ಹೇಳಿದಾಗ ಅವಳು, "ಅದಕ್ಕೇ ಮಾವ, ಮುಂದೆ 30-40 ಜನರ ಹತ್ತಿರ ಓದಿಸಬೇಕು ಅಂತ ಇರೋದು. ಸ್ಕೂಟರ್ ತೆಗೀರಿ" ಎಂದಳು.

ವಿ.ಸಿ. ನಾಲೆಯ ಪಕ್ಕದ ಊರದು. ಹೆಸರು ಬರೆಯಬಾರದು ಅಂತ ಅವಳ ಕಟ್ಟಪ್ಪಣೆ. ಎರಡೂ ಕಡೆ ಕಬ್ಬು, ನಡುವೆ ಒಂದು ಆಲೆಮನೆ. ಮೊದಲ ಜಗುಲಿ ಮೇಲೆ ಸಿಕ್ಕವರು 60 ದಾಟಿದ ಒಬ್ಬ ಅಜ್ಜಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಅಕ್ಷರ ಬಾರದು, ಹಾಗಾಗಿ ಓದಿ ಹೇಳಬೇಕು. ಅವಳು ಶುರು ಮಾಡಿದಳು: "ನನ್ನ ಬೆನ್ನಿನ ಕಾರಣದಿಂದಾಗಿ..."

"ಬೆನ್ಗೇನಾಗಿದ್ದದು ಮಗ? ಬೆನ್ನು ಚೆನ್ನಾಗೇ ಅದೆ. ನಂಗೆ ಸ್ವಾಂಟ ನೋವು."

ಅಲ್ಲಿಗೆ ನನ್ನ ಸಾಲು ಮುಗಿಯಿತು. ಅಜ್ಜಿ ಕೈ ಹಿಂದಕ್ಕೆ ಹಾಕಿ ತೋರಿಸಿಯೂ ಬಿಟ್ಟರು. ಬೆನ್ನು ಅಂದರೆ ಹೆಗಲ ಕೆಳಗಿನ ಹರವು, ಮೂಟೆ ಹೊರುವ ಜಾಗ, ಮಗುವಿಗೆ ಗುದ್ದುವ ಜಾಗ. ಸೊಂಟ ಅಂದರೆ ಸೀರೆ ಸಿಕ್ಕಿಸುವ ಜಾಗ. ಇಂಗ್ಲಿಷಿನವರಿಗೆ ಎರಡಕ್ಕೂ ಒಂದೇ ಪದ ಸಾಕಾಗುತ್ತದೆ, ನಮಗಿಲ್ಲ. 24 ಸಾಲಿನಲ್ಲೂ ಬೆನ್ನು ಹೋಗಿ ಸೊಂಟ ಬಂತು. ನೋವಿಗೂ ಇಲ್ಲಿ ಒಂದೇ ಹೆಸರಲ್ಲ. ತಟ್ಟನೆ ಹಿಡಿದುಕೊಂಡರೆ ಚಳುಕು. ತಿರುಚಿಕೊಂಡರೆ ಉಳುಕು. ಕಾಲಿಗೆ ಇಳಿದರೆ ಸೆಳೆತ. ಜೋಮು ಬೇರೆ. ನಿಮ್ಮ ಊರಿನ ಕಡೆ ಏನನ್ನುತ್ತಾರೆ, ಕೆಳಗೆ ಬರೆಯಿರಿ. ಮಂಡ್ಯದಲ್ಲಿ ಪಾಸಾದ ಕಾಗದ ಧಾರವಾಡದಲ್ಲಿ ಪಾಸಾಗುತ್ತದೆ ಅನ್ನುವ ಭರವಸೆ ನನಗಿಲ್ಲ.

ಹೆಡ್ಡಿಂಗಿನಲ್ಲೂ ಪೆಟ್ಟು ಬಿತ್ತು. ಮೂಲದಲ್ಲಿರುವ ಪದಕ್ಕೆ ನಾವು 'ಅಂಗವೈಕಲ್ಯ ಪ್ರಶ್ನಾವಳಿ' ಅಂತ ಹಾಕಿದ್ದೆವು. ನಾಲ್ಕನೇ ಮನೆ ಹೊತ್ತಿಗೆ ನಮ್ಮ ಹಿಂದೆ ಐದಾರು ಜನ. ಒಬ್ಬರ ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಬ್ಬರ ಕೈಯಲ್ಲಿ ರೇಷನ್ ಕಾರ್ಡು. "ಅಂಗವಿಕಲರ ಪಿಂಚಣಿ ಬರಕೊಳ್ಳೋಕೆ ಬಂದವ್ರೆ" ಅಂತ ಸುದ್ದಿ ಹಬ್ಬಿತ್ತು. ಅಂಥ ಹೊತ್ತಿನಲ್ಲಿ ಯಾರು ತಾನೇ ಕಮ್ಮಿ ಟಿಕ್ ಹಾಕುತ್ತಾರೆ? ಅವತ್ತಿನ ಹಾಳೆಗಳನ್ನೆಲ್ಲ ಅವಳು ಪಕ್ಕಕ್ಕಿಟ್ಟಳು. ಈಗಿನ ಹೆಡ್ಡಿಂಗು 'ಸೊಂಟ ನೋವಿನಿಂದ ಆಗುವ ತೊಂದರೆಗಳು.' ಬೀಟನ್ ಕ್ರಮದಲ್ಲಿ ಆಧಾರ್ ಕಾರ್ಡಿನ ಬಗ್ಗೆ ಏನೂ ಬರೆದಿಲ್ಲ.

ಇನ್ನೊಂದು ವಿಷಯಕ್ಕೆ ನಾನು ಎರಡು ರಾತ್ರಿ ಯೋಚನೆ ಮಾಡಿದ್ದೇನೆ. ಪಟ್ಟಿಯಲ್ಲಿ ಒಂದು ಸಾಲಿದೆ: "ಸೊಂಟ ನೋವಿನಿಂದ, ಯಾವಾಗಲೂ ಮಾಡುವ ಮನೆಗೆಲಸ ಯಾವುದನ್ನೂ ಮಾಡುತ್ತಿಲ್ಲ." ಓದಿ ಹೇಳಿದ್ದಕ್ಕೆ ಅಜ್ಜಿ, "ಇಲ್ಲ ಕನವ್ವ" ಎಂದರು. ಹುಡುಗಿ ಟಿಕ್ ಹಾಕದೆ ಮುಂದಕ್ಕೆ ಹೋದಳು. ನನಗೆ ಅನುಮಾನ. "ಅಂದ್ರೆ ಮಾಡ್ತೀರಾ ಅಜ್ಜಿ?" ಅಂತ ಕೇಳಿದೆ.

"ಇಲ್ಲ ಅಂದ್ನಲ್ಲಪ್ಪ! ಯಾವ ಗೆಯ್ಮೆನೂ ಇಲ್ಲ. ಎಲ್ಲಾ ಸೊಸೆ ಮಾಡ್ತಾಳೆ."

ಇಂಗ್ಲಿಷಿನಲ್ಲಿ ಇಂಥ ಸಾಲಿಗೆ 'ನೋ' ಅಂದರೆ ಆ ಸಾಲು ನನಗೆ ಹೊಂದುವುದಿಲ್ಲ ಅಂತ ಬರೆದುಕೊಳ್ಳುತ್ತಾರೆ. ಕನ್ನಡದಲ್ಲಿ 'ಮಾಡ್ತಿಲ್ಲ ಅಲ್ವಾ?' ಅಂತ ಕೇಳಿದರೆ 'ಇಲ್ಲ' ಅನ್ನುವುದೇ ಒಪ್ಪಿಗೆ. 'ಹೂಂ' ಅಂದರೂ ಒಪ್ಪಿಗೆ. 'ಇಲ್ಲ' ಅಂತ ತಲೆ ಆಡಿಸಿ ಒಪ್ಪುವವರು ನಾವು. ಅಂದರೆ ಒಂದೇ ನೋವಿರುವ ಇಬ್ಬರು, ಒಬ್ಬರು ಹೂಂ ಅಂದು, ಇನ್ನೊಬ್ಬರು ಇಲ್ಲ ಅಂದು, ಬೇರೆ ಬೇರೆ ಅಂಕ ತೆಗೆದುಕೊಳ್ಳುತ್ತಾರೆ. ಕಾಗದದ ಮೇಲೆ ತಪ್ಪೇ ಕಾಣುವುದಿಲ್ಲ. ಅನುವಾದ ಸರಿ, ವಾಪಸ್ ಅನುವಾದ ಸರಿ, ವ್ಯಾಕರಣ ಸರಿ. ತಪ್ಪಿರುವುದು ಜಗುಲಿ ಮೇಲೆ.

ಬೆಳಗಿನ ಜಾವ ಹೊಳೆಯಿತು. 'ಮಾಡುತ್ತಿಲ್ಲ' ತೆಗೆದು 'ಬಿಟ್ಟಿದ್ದೇನೆ' ಹಾಕಿದೆ. "ಸೊಂಟ ನೋವಿನಿಂದ ಮನೆಗೆಲಸವನ್ನೆಲ್ಲ ಬಿಟ್ಟಿದ್ದೇನೆ." ಈಗ 'ಹೂಂ' ಅಂದರೆ ಹೂಂ, 'ಇಲ್ಲ' ಅಂದರೆ ಇಲ್ಲ. ಮುಂದಿನ ಸಲ ಹೋದಾಗ ಇನ್ನೊಬ್ಬ ಅಜ್ಜಿಗೆ ಓದಿದರೆ ತಟ್ಟನೆ "ಹೂಂ, ಬುಟ್ಟಿವ್ನಿ" ಎಂದರು. ನನ್ನ ಬಾಳಿನಲ್ಲಿ ಒಂದು ಕ್ರಿಯಾಪದಕ್ಕೆ ಅಷ್ಟು ಸಂತೋಷ ಪಟ್ಟಿದ್ದು ಅದೇ ಮೊದಲು.

ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಅದೇ ಬೀದಿಯಲ್ಲಿ 40ರ ಆಸುಪಾಸಿನ ಹೆಂಗಸೊಬ್ಬರು ಕೊಟ್ಟಿಗೆ ಬಾಚುತ್ತಿದ್ದರು. ಮಂಕರಿ ಎತ್ತುವ ಮೊದಲು ಒಂದು ಕೈ ಕಂಬಕ್ಕೆ, ಒಂದು ಕೈ ಮಂಡಿಗೆ. ಉಸಿರು ಹಿಡಿದು ಎತ್ತಿ, ತಲೆಗಿಡುವಾಗ ಕಣ್ಣು ಮುಚ್ಚಿದರು. ಕೆಲಸ ಮುಗಿಸಿ ಕೈ ತೊಳೆದು ಬಂದು ಕೂತರು. ಪ್ರಶ್ನೆ ಓದಿದ್ದಕ್ಕೆ, "ಬುಟ್ರೆ ಯಾರವ್ವ ಮಾಡೋರು?" ಭಾರದ ಕೆಲಸ ತಪ್ಪಿಸುತ್ತೀರಾ? ಇಲ್ಲ. ಬೇರೆಯವರಿಂದ ಮಾಡಿಸಿಕೊಳ್ಳುತ್ತೀರಾ? ಇಲ್ಲ. ಮಾಮೂಲಿಗಿಂತ ಸಿಡುಕು ಜಾಸ್ತಿಯಾ? "ಸಿಡುಕ್ತೀನಿ. ನೋವಿಗಲ್ಲ, ಮನೆಯವ್ರು ಕುಡ್ಕೊಂಡ್ ಬತ್ತಾರಲ್ಲ ಅದುಕ್ಕೆ." ಅಂಕ ಕೂಡಿದರೆ 6. ನನಗಿಂತ ಕಮ್ಮಿ!

ದಾರಿಯಲ್ಲಿ ವಾಪಸ್ ಬರುವಾಗ ನಾನು ಸ್ವಲ್ಪ ಜೋರಾಗಿಯೇ ಕೇಳಿದೆ, ಇದೆಂಥ ಅಳತೆ ಅಂತ. ಅವಳು ಹಿಂದಿನ ಸೀಟಿನಿಂದ ಹೇಳಿದಳು: "ಅದಕ್ಕೇ ನೋವನ್ನ ಬೇರೆ ಗೆರೆಯಲ್ಲಿ ಅಳೆಯೋದು ಮಾವ. ಅವರಿಗೆ ನೋವು 8. ಎರಡೂ ಒಟ್ಟಿಗೆ ಏರಬೇಕು ಅಂತ ನಾವು ಅಂದುಕೊಂಡಿರ್ತೀವಿ. ಏರದೇ ಇದ್ದರೆ ಯಾಕೆ ಅಂತ ನೋಡಬೇಕು." ಸಮಾಧಾನ ಆಗಲಿಲ್ಲ. ಕೆಲಸ ಬಿಡಲು ಅನುಕೂಲ ಇದ್ದವರಿಗೆ ಮಾತ್ರ ಅಂಕ ಸಿಗುವ ಪರೀಕ್ಷೆ ಅನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಒಂದು ವಿಷಯ ಮಾತ್ರ ನನಗೆ ಬೇಗ ಅರ್ಥವಾಯಿತು. ಮೊದಲ ಸಲ ಕೇಳಿದವರನ್ನೇ ಕೆಲವು ದಿನ ಬಿಟ್ಟು ಮತ್ತೆ ಕೇಳಬೇಕು. ನೋವು ಹಾಗೇ ಇದ್ದರೆ ಅಂಕವೂ ಹತ್ತಿರ ಹತ್ತಿರ ಬರಬೇಕು. ಮಾರನೇ ದಿನವೇ ಹೋದರೆ ನಿನ್ನೆ ಹೇಳಿದ್ದು ನೆನಪಿಟ್ಟುಕೊಂಡು ಅದನ್ನೇ ಒಪ್ಪಿಸುತ್ತಾರೆ. ತಿಂಗಳು ಬಿಟ್ಟು ಹೋದರೆ ನೋವೇ ಬದಲಾಗಿರುತ್ತದೆ. ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಫ್ಯಾಕ್ಟರಿ ಮುಂದೆ ಎರಡು ದಿನ ಸಾಲಿನಲ್ಲಿ ನಿಂತ ಲೋಡು ವೇ ಬ್ರಿಡ್ಜ್ ಹತ್ತುವಾಗ ಒಣಗಿ ತೂಕ ಕಳೆದುಕೊಂಡಿರುತ್ತದೆ. ತಕ್ಕಡಿ ಸುಳ್ಳೋ, ಕಬ್ಬು ಒಣಗಿತೋ ಅಂತ ಅಪ್ಪ ಪ್ರತಿ ವರ್ಷ ಜಗಳ ಆಡುತ್ತಿದ್ದರು. ಇದೂ ಅದೇ ಜಗಳ. ಎರಡನೇ ಸಲ ಹೋದಾಗ ಒಬ್ಬರ ಅಂಕ ಅರ್ಧಕ್ಕೆ ಇಳಿದಿತ್ತು. ವಿಚಾರಿಸಿದರೆ ನಡುವೆ ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸಿಕೊಂಡು ಬಂದಿದ್ದರು. ಇನ್ನೊಬ್ಬರು, "ಇವತ್ತು ಅಮಾಸೆ, ಗೆಯ್ಮೆ ಇಲ್ಲ, ನೋವೂ ಇಲ್ಲ" ಎಂದರು. ಪ್ರಶ್ನಾವಳಿ ಕೇಳುವುದು 'ಇವತ್ತಿನ' ಬಗ್ಗೆ ಮಾತ್ರ. ಅಮಾವಾಸ್ಯೆ ದಿನ ಬೇಸಾಯಗಾರರನ್ನು ಕೇಳಬಾರದು ಅಂತ ಅವಳ ಡೈರಿಯಲ್ಲಿ ಬರೆಸಿದೆ.

24 ಸಾಲೂ ಒಂದೇ ಗಾಡಿ ಎಳೆಯುತ್ತಿವೆಯೋ, ಒಂದೊಂದು ಒಂದೊಂದು ಕಡೆ ಎಳೆಯುತ್ತಿವೆಯೋ ಅಂತ ನೋಡಲು ಕ್ರಾನ್‌ಬ್ಯಾಕ್ ಆಲ್ಫಾ ಅಂತ ಒಂದು ಲೆಕ್ಕ ಇದೆಯಂತೆ. 0.7 ದಾಟಿದರೆ ಪರವಾಗಿಲ್ಲ. 0.95 ದಾಟಿದರೆ ಕೇಳಿದ್ದನ್ನೇ ಕೇಳುತ್ತಿದ್ದೀರಿ ಅಂತ ಅನುಮಾನ ಪಡಬೇಕು. ಅದು ಅವಳ ಕೆಲಸ. ನನಗೆ ಉಳಿದಿದ್ದು ಸಾಕ್ಸು.

ಮೂಲದಲ್ಲಿ ಒಂದು ಸಾಲು, ಸೊಂಟ ನೋವಿನಿಂದ ಸಾಕ್ಸ್ ಹಾಕಿಕೊಳ್ಳುವುದು ಕಷ್ಟ ಅಂತ. ಆ ಊರಲ್ಲಿ ಸಾಕ್ಸ್ ಹಾಕುವವರು ಅಂದರೆ ಸ್ಕೂಲ್ ಮಕ್ಕಳು, ಅವರಿಗೆ ಸೊಂಟ ನೋವಿಲ್ಲ. ದೊಡ್ಡವರನ್ನು ಕೇಳಿದರೆ, "ಇಲ್ಲಪ್ಪ, ಕಷ್ಟ ಇಲ್ಲ" ಅನ್ನುತ್ತಾರೆ. ಹಾಕದೇ ಇದ್ದ ಮೇಲೆ ಎಲ್ಲಿಯ ಕಷ್ಟ? ಹೀಗೆ ಒಂದು ಅಂಕ ಸುಮ್ನೆ ಎಲ್ಲರಿಗೂ ಖೋತಾ. ಮೆಟ್ಟಿಲು ಹತ್ತುವಾಗ ಪಕ್ಕದ ಕಂಬಿ ಹಿಡಿಯುವ ಸಾಲನ್ನು 'ಗೋಡೆಯನ್ನೋ ಕಂಬಿಯನ್ನೋ ಹಿಡಿದು' ಅಂತ ಸುಲಭವಾಗಿ ಸರಿ ಮಾಡಿದೆವು. ಕುರ್ಚಿಯಿಂದ ಏಳುವುದಕ್ಕೆ 'ನೆಲದಿಂದ ಅಥವಾ ಕುರ್ಚಿಯಿಂದ' ಅಂತ ಹಾಕಿದೆವು. ನೆಲದಿಂದ ಏಳುವುದು ಕುರ್ಚಿಯಿಂದ ಏಳುವುದಕ್ಕಿಂತ ಕಷ್ಟ, ಅಂಕದ ತೂಕ ಬದಲಾಗುತ್ತದೆ ಅಂತ ಅನುವಾದ ನೋಡಿ ಒಪ್ಪುವ ತಜ್ಞರ ಸಮಿತಿಯಲ್ಲಿ ಒಬ್ಬರು ತಕರಾರು ತೆಗೆದರಂತೆ. ತಕರಾರು ಸರಿಯೇ.

ಸಾಕ್ಸಿಗೆ ಏನು ಹಾಕುವುದು? ಸಾಕ್ಸ್ ಮುಖ್ಯವಲ್ಲ, ಬಗ್ಗಿ ಪಾದ ಮುಟ್ಟುವುದು ಮುಖ್ಯ. 'ಕಾಲುಂಗುರ' ಅಂದೆ, ಗಂಡಸರಿಗೆ ಆಗಲ್ಲ ಎಂದಳು. 'ಸೀರೆ ನೆರಿಗೆ' ಅಂದೆ, ಅದಕ್ಕೆ ಪಾದದವರೆಗೆ ಬಗ್ಗಬೇಕಾಗಿಲ್ಲ ಎಂದಳು. 'ಪಾದ ಉಜ್ಜಿ ತೊಳೆಯುವುದು' ಅಂದಳು, ಅದನ್ನು ಕಲ್ಲಿಗೆ ತಿಕ್ಕಿ ನಿಂತೇ ಮಾಡುತ್ತಾರೆ ಅಂದೆ. ಟ್ಸ್ವಾನಾದವರು ಇಲ್ಲಿ ಏನು ಮಾಡಿರಬಹುದು ಅಂತ ಜೆರಾಕ್ಸ್ ಕಟ್ಟು ತೆಗೆದು ಕೂತೆವು. ಅಷ್ಟರಲ್ಲಿ ನನ್ನ ಹೆಂಡತಿ ಕಾಫಿ ತಂದಿಟ್ಟು, "ಕಾಲುಗುರು ಕತ್ತರಿಸೋದು ಅಂತ ಹಾಕಿ, ಎಲ್ಲರಿಗೂ ಇರುತ್ತೆ" ಎಂದಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಆದರೆ ಉಗುರನ್ನು ದಿನಾ ಕತ್ತರಿಸುವುದಿಲ್ಲ, ಪ್ರಶ್ನೆ ಇರುವುದು 'ಇವತ್ತಿನ' ಬಗ್ಗೆ.

ಸದ್ಯಕ್ಕೆ ಎರಡೂ ಸಾಲು ಟೈಪ್ ಮಾಡಿಟ್ಟಿದ್ದೇನೆ. ಒಂದರಲ್ಲಿ ಕಾಲುಗುರು, ಒಂದರಲ್ಲಿ 'ಸಾಕ್ಸ್ ಅಥವಾ ಚಪ್ಪಲಿ.' ಶನಿವಾರ ಮೈಸೂರಿನಲ್ಲಿ ಸಮಿತಿ ಕೂರುತ್ತದೆ. ಅದರ ಮುಂಚೆ ಅವಳು ಮೊದಲ ಅಜ್ಜಿಯ ಹತ್ತಿರ ಎರಡನ್ನೂ ಓದಿ ನೋಡಬೇಕಂತೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಿದ್ದೇನೆ. ಅಜ್ಜಿಗೆ ಅರ್ಧ ಕೆಜಿ ಚಕ್ಕುಲಿಯನ್ನೂ ಕಟ್ಟಿಸಿಕೊಳ್ಳಬೇಕು. "ಇಷ್ಟೆಲ್ಲಾ ಕೇಳಿದ್ರಿ, ಒಂದು ಮಾತ್ರೆ ಕೊಡಲಿಲ್ವಲ್ಲ" ಅಂತ ಹೋದ ಸಲ ಬೈದು ಕಳಿಸಿದ್ದಾರೆ.